ಒಂಟಿ ಕುಬ್ಜ ಗೆಲಾಕ್ಸಿಗಳು ಹಿಗ್ಗಿ ಕುಗ್ಗುತ್ತವೆಯೇ?

ಸಿಂಹ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 53 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ, ಲಿಯೋ-ಪಿ ಎಂಬ ಪುಟಾಣಿ ಗೆಲಾಕ್ಸಿಯಿದೆ. ಅದರ ನಕ್ಷತ್ರಗಳನ್ನೆಲ್ಲ ಒಟ್ಟು ಸೇರಿಸಿದರೂ ಐದೂವರೆ ಲಕ್ಷ ಸೂರ್ಯರಷ್ಟು ದ್ರವ್ಯರಾಶಿ ಆಗುತ್ತದೆ, ಅಷ್ಟೇ. ನಾವಿರುವ ಕ್ಷೀರಪಥಕ್ಕೆ ಹೋಲಿಸಿದರೆ ಲಕ್ಷದಲ್ಲೊಂದು ಪಾಲು. ಕ್ಷೀರಪಥದಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ನಕ್ಷತ್ರಗಳಾಗಿ ಮಾರ್ಪಡುತ್ತದೆ. ಲಿಯೋ-ಪಿಯಲ್ಲಿ ಒಬ್ಬ ಸೂರ್ಯನಿಗೆ ಸಾಕಾಗುವಷ್ಟು ಅನಿಲ ನಕ್ಷತ್ರವಾಗಲು ಸುಮಾರು 25,000 ವರ್ಷ ಬೇಕು. ಇಡೀ ಗೆಲಾಕ್ಸಿಯಲ್ಲಿ ನಿಜವಾಗಿ ಭಾರಿ ಎನ್ನಬಹುದಾದ, ಓ ವರ್ಗಕ್ಕೆ ಸೇರಿದ ಬಿಸಿ ನಕ್ಷತ್ರ ಒಂದೇ ಒಂದು. ಸುತ್ತಲಿನ ಜಲಜನಕದ ಮೋಡವನ್ನು ಬೆಳಗಿಸುತ್ತಿರುವುದು ಆ ಒಂದೇ ನಕ್ಷತ್ರ.

ಹಾಗೆಂದು ಲಿಯೋ-ಪಿ ಸೋಮಾರಿ ಗೆಲಾಕ್ಸಿ ಎಂದುಕೊಳ್ಳಬೇಡಿ. ಒಟ್ಟು ದ್ರವ್ಯರಾಶಿಗೆ ಎಷ್ಟು ಹೊಸ ನಕ್ಷತ್ರ ಎಂದು ಲೆಕ್ಕ ಹಾಕಿದರೆ ಅದು ಕ್ಷೀರಪಥಕ್ಕಿಂತ ಚುರುಕಾಗಿದೆ. ಹತ್ತಿರದಲ್ಲಿ ದೊಡ್ಡ ಗೆಲಾಕ್ಸಿ ಯಾವುದೂ ಇಲ್ಲ. ಅದನ್ನು ಎಳೆದಾಡುವವರಿಲ್ಲ, ಅದರ ಅನಿಲವನ್ನು ಕಿತ್ತುಕೊಳ್ಳುವವರೂ ಇಲ್ಲ. 2013ರಲ್ಲಿ ಅದು ಬೆಳಕಿಗೆ ಬಂದದ್ದು ಕೂಡ ಕಣ್ಣಿಗೆ ಕಾಣುವ ಬೆಳಕಿನಿಂದಲ್ಲ. ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ ನಡೆಸುತ್ತಿದ್ದ ಆಲ್ಫಾಲ್ಫಾ ಸಮೀಕ್ಷೆಯಲ್ಲಿ ಜಲಜನಕದ ಕ್ಷೀಣ ಸಂಕೇತವೊಂದು ಸಿಕ್ಕಿತ್ತು. ಆ ಜಾಗಕ್ಕೆ ಬೇರೆ ದೂರದರ್ಶಕಗಳನ್ನು ತಿರುಗಿಸಿದಾಗ ನಕ್ಷತ್ರಗಳು ಕಂಡವು.

ಇಂಥ ಒಂಟಿ ಕುಬ್ಜ ಗೆಲಾಕ್ಸಿಗಳ ಬಗ್ಗೆ ಖಗೋಳ ವಿಜ್ಞಾನಿಗಳ ನಡುವೆ ಈಗ ಎರಡು ಚರ್ಚೆಗಳು ನಡೆದಿವೆ. ನೆರೆಹೊರೆಯ ಕೈವಾಡವಿಲ್ಲದೆ ಇವುಗಳಲ್ಲಿ ನಕ್ಷತ್ರಗಳ ಹುಟ್ಟು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ಯಾವಾಗ ನಿಂತೇಹೋಗುತ್ತದೆ ಎಂಬುದು ಒಂದು. ಒಂದೇ ದ್ರವ್ಯರಾಶಿಯ ಎರಡು ಕುಬ್ಜಗಳಲ್ಲಿ ಒಂದು ಬಿಗಿಯಾಗಿ ಗುಂಪುಗೂಡಿದ್ದರೆ ಇನ್ನೊಂದು ಅದರ ಹಲವು ಪಟ್ಟು ಅಗಲಕ್ಕೆ ಹರಡಿಕೊಂಡಿರುವುದು ಏಕೆ ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಇವು ಎರಡಲ್ಲ, ಒಂದೇ ಪ್ರಶ್ನೆ. ಕುಬ್ಜ ಗೆಲಾಕ್ಸಿಯ ಗಾತ್ರವನ್ನು ಹುಟ್ಟಿನಿಂದಲೇ ಬಂದ ಗುಣವೆಂದು ನೋಡುವುದನ್ನು ಬಿಟ್ಟು, ಅದು ಇತ್ತೀಚೆಗೆ ಎಷ್ಟು ನಕ್ಷತ್ರಗಳನ್ನು ಹುಟ್ಟಿಸಿದೆ ಎಂಬುದರ ಫಲವಾಗಿ ನೋಡಬೇಕಾದ ಕಾಲ ಬಂದಿದೆ.

ಏಕೆ ಒಂಟಿಯೇ ಬೇಕು?

ಕ್ಷೀರಪಥದ ಸುತ್ತ ಸುತ್ತುವ ಕುಬ್ಜಗಳು ನಮಗೆ ಹತ್ತಿರ, ನೋಡಲು ಸುಲಭ. ಆದರೆ ಅವುಗಳ ಚರಿತ್ರೆ ಸ್ವಂತದ್ದಲ್ಲ. ಕ್ಷೀರಪಥದ ಸುತ್ತ ಬಿಸಿ ಅನಿಲದ ದೊಡ್ಡ ಹೊದಿಕೆಯಿದೆ. ಅದರೊಳಗೆ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ನುಗ್ಗಿದ ಕುಬ್ಜದ ಅನಿಲ ಆ ಒತ್ತಡಕ್ಕೆ ಸಿಕ್ಕಿ ಹಿಂದಕ್ಕೆ ತಳ್ಳಿಹೋಗುತ್ತದೆ. ಜೊತೆಗೆ ಗುರುತ್ವದ ಉಬ್ಬರವಿಳಿತ ಅಂಚಿನ ನಕ್ಷತ್ರಗಳನ್ನು ಸುಲಿಯುತ್ತದೆ. ಪರಿಣಾಮ ಕಣ್ಣೆದುರಿಗೇ ಇದೆ: ಮೆಗೆಲ್ಲಾನಿಕ್ ಮೋಡಗಳೆರಡನ್ನು ಬಿಟ್ಟರೆ ಕ್ಷೀರಪಥದ ಹತ್ತಿರದ ಉಪಗ್ರಹ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರ ಹುಟ್ಟಲು ಬೇಕಾದ ಅನಿಲವೇ ಉಳಿದಿಲ್ಲ. ಅಂಥ ಗೆಲಾಕ್ಸಿಯ ಗಾತ್ರವನ್ನು ಅಳೆದರೆ ಸಿಗುವ ಉತ್ತರದಲ್ಲಿ ಕ್ಷೀರಪಥದ ಪಾಲೆಷ್ಟು, ಕುಬ್ಜದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಒಂಟಿ ಕುಬ್ಜಗಳ ಮಹತ್ವ ಇಲ್ಲಿದೆ. 2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮಾರ್ಲಾ ಗೆಹಾ ಮತ್ತು ಸಂಗಡಿಗರು ಸ್ಲೋನ್ ಆಕಾಶ ಸಮೀಕ್ಷೆಯ ದತ್ತಾಂಶ ಹಿಡಿದು ಒಂದು ಲೆಕ್ಕ ಹಾಕಿದರು. ಒಂದು ಕೋಟಿಯಿಂದ 100 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯ ಕುಬ್ಜಗಳಲ್ಲಿ, ದೊಡ್ಡ ಗೆಲಾಕ್ಸಿಯಿಂದ ಸುಮಾರು 50 ಲಕ್ಷ ಜ್ಯೋತಿರ್ವರ್ಷಕ್ಕಿಂತ ಆಚೆ ಇರುವವನ್ನು ಮಾತ್ರ ಆಯ್ದುಕೊಂಡರು. ಅವುಗಳಲ್ಲಿ ನಕ್ಷತ್ರಗಳ ಹುಟ್ಟು ನಿಂತುಹೋಗಿರುವವು ಎಷ್ಟು? ಶೇ 0.06ಕ್ಕಿಂತ ಕಡಿಮೆ, ಅಂದರೆ ಹತ್ತು ಸಾವಿರಕ್ಕೆ ಆರಕ್ಕಿಂತಲೂ ಕಡಿಮೆ. ದೊಡ್ಡವರ ಸಹವಾಸದಿಂದ ದೂರ ಉಳಿದ ಕುಬ್ಜಗಳೆಲ್ಲ ಹೆಚ್ಚುಕಡಿಮೆ ಇಂದಿಗೂ ನಕ್ಷತ್ರ ಹೆರುತ್ತಲೇ ಇವೆ. ಇದರರ್ಥ ಸ್ಪಷ್ಟ. ಈ ತೂಕದ ಗೆಲಾಕ್ಸಿ ತನ್ನನ್ನು ತಾನೇ ಶಾಶ್ವತವಾಗಿ ಆರಿಸಿಕೊಳ್ಳಲಾರದು, ಆರಿಸಲು ಹೊರಗಿನವರು ಬೇಕು. ಈ ಫಲಿತಾಂಶಕ್ಕೆ ನಂತರದ ವರ್ಷಗಳಲ್ಲಿ ಒಂದಿಷ್ಟು ಅಪವಾದಗಳು ಎದುರಾದವು. ಆ ಮಾತಿಗೆ ಮುಂದೆ ಬರುತ್ತೇನೆ.

ಅಂಚಿಲ್ಲದ ವಸ್ತುವಿನ ಅಳತೆ

ಗೆಲಾಕ್ಸಿಗೆ ಬೇಲಿಯಿಲ್ಲ. ಕೇಂದ್ರದಿಂದ ಹೊರಕ್ಕೆ ಹೋದಂತೆ ಬೆಳಕು ತೆಳುವಾಗುತ್ತ ಆಕಾಶದ ಕತ್ತಲೆಯಲ್ಲಿ ಕರಗುತ್ತದೆ. ಎಲ್ಲಿ ಮುಗಿಯಿತು ಎಂದು ಹೇಳುವುದು ಆಗದ ಮಾತು. ಅದಕ್ಕೇ ಖಗೋಳ ವಿಜ್ಞಾನಿಗಳು ಅರ್ಧಬೆಳಕಿನ ತ್ರಿಜ್ಯವನ್ನು ಬಳಸುತ್ತಾರೆ. ಗೆಲಾಕ್ಸಿಯ ಒಟ್ಟು ಬೆಳಕಿನ ಅರ್ಧದಷ್ಟು ಯಾವ ವೃತ್ತದೊಳಗೆ ಬರುತ್ತದೋ ಆ ವೃತ್ತದ ತ್ರಿಜ್ಯವೇ ಅದರ ಗಾತ್ರ. ಲೆಕ್ಕಕ್ಕೆ ಅನುಕೂಲ, ಆದರೆ ಇದರಲ್ಲಿ ಒಂದು ತೊಡಕಿದೆ. ಬೆಳಕು ಎಂದರೆ ಯಾವ ಬೆಳಕು?

ಅತಿನೇರಳೆಯಲ್ಲಿ ನೋಡಿದರೆ ಕಾಣುವುದು ಬಹುತೇಕ ಎಳೆಯ ನಕ್ಷತ್ರಗಳು. ಕೆಂಪು ಬಣ್ಣದಲ್ಲಿ ನೋಡಿದರೆ ನೂರಾರು ಕೋಟಿ ವರ್ಷದ ಹಳೆಯ ನಕ್ಷತ್ರಗಳ ಪಾಲು ಹೆಚ್ಚುತ್ತದೆ. ರೇಡಿಯೊದಲ್ಲಿ, 21 ಸೆಂಟಿಮೀಟರ್ ತರಂಗಾಂತರದಲ್ಲಿ ನೋಡಿದರೆ ನಕ್ಷತ್ರಗಳೇ ಕಾಣುವುದಿಲ್ಲ, ಜಲಜನಕ ಮಾತ್ರ ಕಾಣುತ್ತದೆ. ಒಂದೇ ಗೆಲಾಕ್ಸಿ, ಮೂರು ಗಾತ್ರ.

ಈ ವ್ಯತ್ಯಾಸ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ತೋರಿಸಿದ್ದು ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕ. ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳ ಆ ಜಾಲದಿಂದ ಆಯೇಷಾ ಬೇಗಂ, ಜಯರಾಂ ಚೆಂಗಲೂರು ಮತ್ತು ರಷ್ಯಾದ ಇಗೊರ್ ಕರಚೆಂಟ್ಸೆವ್ ಅವರು ಎನ್‌ಜಿಸಿ 3741 ಎಂಬ ಕುಬ್ಜವನ್ನು ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದರ ಜಲಜನಕದ ತಟ್ಟೆ ಕಣ್ಣಿಗೆ ಕಾಣುವ ಗೆಲಾಕ್ಸಿಗಿಂತ ಎಂಟು ಪಟ್ಟಿಗೂ ಹೆಚ್ಚು ದೂರ ಚಾಚಿತ್ತು. ಅಷ್ಟು ದೂರದವರೆಗೂ ಆ ಅನಿಲ ಕ್ರಮವಾಗಿ ಸುತ್ತುತ್ತಿತ್ತು. ಕೈಯಲ್ಲಿ ಅಷ್ಟೊಂದು ಅನಿಲ ಇಟ್ಟುಕೊಂಡೂ ಅದು ನಕ್ಷತ್ರ ಹುಟ್ಟಿಸುತ್ತಿರುವುದು ನಡುವಿನ ಸಣ್ಣ ಜಾಗದಲ್ಲಿ. ಕುಬ್ಜಗಳ ಜಲಜನಕವನ್ನು ಹೀಗೆ ಒಂದೊಂದಾಗಿ ನಕ್ಷೆ ಮಾಡಿದ ಜಿಎಂಆರ್‌ಟಿಯ ಫಿಗ್ಸ್ ಸಮೀಕ್ಷೆ ಈ ಕ್ಷೇತ್ರದಲ್ಲಿ ಭಾರತದಿಂದ ಬಂದ ಗಟ್ಟಿ ಕೆಲಸಗಳಲ್ಲೊಂದು. ಅದಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ ಎಂಬ ಬೇಸರ ನನಗಿದೆ.

ಅನಿಲ ಹೊರಟರೆ ನಕ್ಷತ್ರ ಏಕೆ ಸರಿಯಬೇಕು?

ಈಗ ಮುಖ್ಯ ವಿಷಯ. ಕುಬ್ಜ ಗೆಲಾಕ್ಸಿಯ ನಡುವೆ ಅನಿಲ ದಟ್ಟವಾಗಿ, ಒಮ್ಮೆಲೇ ಸಾವಿರಾರು ನಕ್ಷತ್ರಗಳು ಹುಟ್ಟಿದವು ಎಂದುಕೊಳ್ಳಿ. ಅವುಗಳಲ್ಲಿ ಭಾರದವು ಸುಮಾರು 30 ಲಕ್ಷದಿಂದ ಕೆಲವು ಕೋಟಿ ವರ್ಷ ಮಾತ್ರ ಬದುಕಿ ಸೂಪರ್‌ನೋವಾಗಳಾಗಿ ಸಿಡಿಯುತ್ತವೆ. ಒಂದು ಸೂಪರ್‌ನೋವಾ ಅನಿಲಕ್ಕೆ ಕೊಡುವ ಶಕ್ತಿ ನಮ್ಮ ಸೂರ್ಯ ತನ್ನ ಇಡೀ ಜೀವಮಾನದಲ್ಲಿ ಬೆಳಕಾಗಿ ಹೊರಸೂಸುವ ಶಕ್ತಿಗೆ ಹೆಚ್ಚುಕಡಿಮೆ ಸಮ. ಕ್ಷೀರಪಥದಂಥ ದೈತ್ಯನಿಗೆ ಇದು ಲೆಕ್ಕಕ್ಕಿಲ್ಲ. ನಮ್ಮ ಸೌರಮಂಡಲ ಇರುವ ಕಡೆಯಿಂದ ಕ್ಷೀರಪಥದ ಹಿಡಿತ ತಪ್ಪಿಸಿಕೊಳ್ಳಬೇಕಾದರೆ ಸೆಕೆಂಡಿಗೆ 500 ಕಿಲೋಮೀಟರ್‌ಗೂ ಹೆಚ್ಚಿನ ವೇಗ ಬೇಕು. ಸಣ್ಣ ಕುಬ್ಜದಲ್ಲಿ ಕೆಲವು ಹತ್ತು ಕಿಲೋಮೀಟರ್ ಸಾಕು. ಹಾಗಾಗಿ ನಡುವಿನ ಅನಿಲ ಸಾರಾಸಗಟಾಗಿ ಹೊರಕ್ಕೆ ಹಾರುತ್ತದೆ.

ಹಾರುತ್ತದೆ ಎಂಬುದಕ್ಕೆ ಲಿಯೋ-ಪಿಯೇ ಸಾಕ್ಷಿ ಹೇಳುತ್ತದೆ. ಅದರಲ್ಲಿ ಈವರೆಗೆ ಹುಟ್ಟಿದ ನಕ್ಷತ್ರಗಳು ಒಟ್ಟು ಎಷ್ಟು ಆಮ್ಲಜನಕವನ್ನು ತಯಾರಿಸಿರಬೇಕು ಎಂಬುದನ್ನು ಲೆಕ್ಕ ಹಾಕಬಹುದು, ಈಗ ಎಷ್ಟು ಉಳಿದಿದೆ ಎಂಬುದನ್ನು ಅಳೆಯಬಹುದು. ಕ್ರಿಸ್ಟೆನ್ ಮೆಕ್ವಿನ್ ಮತ್ತು ಸಂಗಡಿಗರು 2015ರಲ್ಲಿ ಇವೆರಡನ್ನೂ ತಾಳೆ ಹಾಕಿದಾಗ ಸುಮಾರು ಶೇ 95ರಷ್ಟು ಆಮ್ಲಜನಕ ನಾಪತ್ತೆಯಾಗಿತ್ತು. ಕದಿಯಲು ಹತ್ತಿರದಲ್ಲಿ ದೊಡ್ಡ ಗೆಲಾಕ್ಸಿಯಿಲ್ಲ. ಅಂದ ಮೇಲೆ ಅದನ್ನು ಹೊರಗಟ್ಟಿದ್ದು ಗೆಲಾಕ್ಸಿಯ ಸ್ವಂತ ನಕ್ಷತ್ರಗಳೇ.

ಅನಿಲ ಹೋಯಿತು, ಸರಿ. ನಕ್ಷತ್ರಗಳು ಸ್ಫೋಟದ ಗಾಳಿಗೆ ಅಲುಗಾಡುವ ವಸ್ತುಗಳಲ್ಲವಲ್ಲ? ನಿಜ, ಗಾಳಿ ಅವನ್ನು ತಳ್ಳುವುದಿಲ್ಲ. ಆದರೆ ಅವು ತಮ್ಮ ಕಕ್ಷೆಯಲ್ಲಿ ಸುತ್ತುತ್ತಿದ್ದುದು ನಡುವಿನ ದ್ರವ್ಯದ ಸೆಳೆತದಿಂದ. ಆ ದ್ರವ್ಯದಲ್ಲಿ ಒಂದು ದೊಡ್ಡ ಪಾಲು ಇದ್ದಕ್ಕಿದ್ದಂತೆ ಜಾಗ ಖಾಲಿ ಮಾಡಿದರೆ ಸೆಳೆತ ಸಡಿಲವಾಗುತ್ತದೆ. ದಾರಕ್ಕೆ ಕಟ್ಟಿದ ಕಲ್ಲನ್ನು ಗಿರಗಿರನೆ ತಿರುಗಿಸುತ್ತಿರುವಾಗ ಕೈಯಲ್ಲಿದ್ದ ದಾರವನ್ನು ಒಂದಿಷ್ಟು ಬಿಟ್ಟುಕೊಟ್ಟರೆ ಕಲ್ಲು ಹೊರಕ್ಕೆ ಸರಿಯುವಂತೆ ನಕ್ಷತ್ರಗಳ ಕಕ್ಷೆಗಳೂ ಹಿಗ್ಗುತ್ತವೆ. ಹೊರಹೋದ ಅನಿಲದಲ್ಲಿ ಒಂದು ಭಾಗ ತಣ್ಣಗಾಗಿ ಮತ್ತೆ ಒಳಕ್ಕೆ ಸುರಿಯುತ್ತದೆ. ಸೆಳೆತ ಬಿಗಿಯಾಗುತ್ತದೆ, ಗೆಲಾಕ್ಸಿ ಕುಗ್ಗುತ್ತದೆ, ಅನಿಲ ದಟ್ಟವಾಗುತ್ತದೆ, ಮತ್ತೊಂದು ಸುತ್ತು ನಕ್ಷತ್ರಗಳು ಹುಟ್ಟುತ್ತವೆ.

2016ರಲ್ಲಿ ಕರೀಂ ಎಲ್-ಬದ್ರಿ ಮತ್ತು ಸಂಗಡಿಗರು ಫೈರ್ ಎಂಬ ಕಂಪ್ಯೂಟರ್ ಅನುಕರಣೆಗಳಲ್ಲಿ ಇದನ್ನು ವಿವರವಾಗಿ ತೋರಿಸಿ, ಇದನ್ನು ಗೆಲಾಕ್ಸಿಯ ಉಸಿರಾಟ ಎಂದು ಕರೆದರು. ಅವರ ಲೆಕ್ಕದಲ್ಲಿ ಕುಬ್ಜದ ಅರ್ಧಬೆಳಕಿನ ತ್ರಿಜ್ಯ ಕೇವಲ 20 ಕೋಟಿ ವರ್ಷಗಳಲ್ಲಿ ಎರಡು ಪಟ್ಟಿಗೂ ಮೀರಿ ಬದಲಾಗಬಲ್ಲದು. ವಿಶ್ವದ ವಯಸ್ಸು 1380 ಕೋಟಿ ವರ್ಷ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಎಂಥ ಚುರುಕು ಎಂಬುದು ತಿಳಿಯುತ್ತದೆ. ಒಂದೇ ದ್ರವ್ಯರಾಶಿಯ ಕುಬ್ಜಗಳ ಗಾತ್ರದಲ್ಲಿ ಕಾಣುವ ಅಂತರದ ಬಹುಪಾಲನ್ನು ಇದರಿಂದಲೇ ವಿವರಿಸಬಹುದು ಎಂಬುದು ಅವರ ವಾದ. ಒಂದು ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಕಂಡರೆ ಅವು ಬೇರೆ ಬೇರೆ ಜಾತಿಯವು ಎಂದು ತೀರ್ಮಾನಿಸಬೇಕಿಲ್ಲ. ಒಂದೇ ಜಾತಿಯನ್ನು ನಾವು ಬೇರೆ ಬೇರೆ ಗಳಿಗೆಯಲ್ಲಿ ನೋಡುತ್ತಿರಬಹುದು.

ಈ ಹಿಗ್ಗುಕುಗ್ಗು ಎಲ್ಲ ಕುಬ್ಜಗಳಲ್ಲೂ ಒಂದೇ ತೆರನಾಗಿ ಇರುವುದಿಲ್ಲ. ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಒಂದು ಕೋಟಿಯಿಂದ ಸುಮಾರು 400 ಕೋಟಿ ಸೂರ್ಯರಷ್ಟು ಇರುವಲ್ಲಿ ಇದು ಜೋರು. ಅದಕ್ಕಿಂತ ದೊಡ್ಡದಾದರೆ ಗುರುತ್ವದ ಹಿಡಿತ ಗಟ್ಟಿ. ತೀರಾ ಸಣ್ಣದಾದರೆ, ಬೆಳಕು ಬೀರದೆ ಸೆಳೆತದಿಂದ ಮಾತ್ರ ಗೊತ್ತಾಗುವ ಕಪ್ಪು ದ್ರವ್ಯದ ಪಾಲಿನ ಮುಂದೆ ನಕ್ಷತ್ರಗಳ ಸಂಖ್ಯೆಯೇ ಕಡಿಮೆ, ಅಲುಗಾಡಿಸಲು ಬೇಕಾದಷ್ಟು ಸೂಪರ್‌ನೋವಾಗಳು ಸಿಗುವುದಿಲ್ಲ. ಲಿಯೋ-ಪಿ ಈ ಎರಡನೇ ಗುಂಪಿನದು. ಆಮ್ಲಜನಕ ಕಳೆದುಕೊಳ್ಳುವ ಮಟ್ಟಿಗೆ ಅನಿಲ ಹೊರಹೋಗಿದ್ದರೂ ಅದರ ನಕ್ಷತ್ರಗಳು ಅಷ್ಟಾಗಿ ಸರಿದಿರಲಾರವು.

ಇದರ ಹಿಂದೆ ಇನ್ನೂ ದೊಡ್ಡ ವಿಷಯವೊಂದಿದೆ. ಸೆಳೆತ ಹೀಗೆ ಪದೇ ಪದೇ ಬಿಗಿದು ಸಡಿಲವಾದರೆ ನಕ್ಷತ್ರಗಳ ಜೊತೆ ಕಪ್ಪು ದ್ರವ್ಯವೂ ನಡುವಿನಿಂದ ಹೊರಕ್ಕೆ ಸರಿಯುತ್ತದೆ. ಕುಬ್ಜಗಳ ನಡುಭಾಗದಲ್ಲಿ ಕಪ್ಪು ದ್ರವ್ಯದ ದಟ್ಟಣೆ ಕಡಿದಾಗಿ ಏರಿರಬೇಕು ಎಂದು ಸಿದ್ಧಾಂತ ಹೇಳುತ್ತಿತ್ತು. ಆದರೆ ಹಲವು ಕುಬ್ಜಗಳಲ್ಲಿ ಅದು ಚಪ್ಪಟೆಯಾಗಿರುವಂತೆ 1994ರಿಂದಲೇ ಅಳತೆಗಳು ಹೇಳುತ್ತ ಬಂದಿವೆ. 2012ರಲ್ಲಿ ಆಂಡ್ರ್ಯೂ ಪಾಂಟ್ಜೆನ್ ಮತ್ತು ಫಾಬಿಯೊ ಗವರ್ನಾಟೊ ಸೂಪರ್‌ನೋವಾಗಳ ಈ ತಳ್ಳಾಟವೇ ಕಾರಣವಾಗಿರಬಹುದು ಎಂದು ತೋರಿಸಿದರು. ಅಲ್ಲಿಗೆ ಕುಬ್ಜದ ಗಾತ್ರದ ಪ್ರಶ್ನೆ ಕಪ್ಪು ದ್ರವ್ಯ ಏನೆಂಬ ಪ್ರಶ್ನೆಗೆ ನೇರವಾಗಿ ತಗುಲಿಕೊಂಡಿತು. ಗೆಲಾಕ್ಸಿಗಳು ನಿಜವಾಗಿ ಹಿಗ್ಗಿ ಕುಗ್ಗುತ್ತವೆ ಎಂದಾದರೆ ಕಪ್ಪು ದ್ರವ್ಯಕ್ಕೆ ಹೊಸ ಗುಣಗಳನ್ನು ಕಲ್ಪಿಸುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಆದರೆ ಎಲ್ಲ ಅನುಕರಣೆಗಳೂ ಹೀಗೆ ಹೇಳುವುದಿಲ್ಲ. ಅನಿಲ ಎಷ್ಟು ದಟ್ಟವಾದ ಮೇಲೆ ನಕ್ಷತ್ರವಾಗಲು ಬಿಡಬೇಕು ಎಂಬ ಮಿತಿಯನ್ನು ಕಡಿಮೆ ಇಟ್ಟ ಅನುಕರಣೆಗಳಲ್ಲಿ ಅನಿಲ ನಡುವೆ ಸಾಕಷ್ಟು ಕೂಡಿಕೊಳ್ಳುವುದೇ ಇಲ್ಲ, ಹಾಗಾಗಿ ಅದು ಹೊರಹೋದರೂ ಸೆಳೆತ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಕಂಪ್ಯೂಟರ್‌ನೊಳಗೆ ಒಂದು ಸಂಖ್ಯೆಯನ್ನು ಎಲ್ಲಿಡುತ್ತೇವೆ ಎಂಬುದರ ಮೇಲೆ ಗೆಲಾಕ್ಸಿಯ ಭವಿಷ್ಯ ನಿಂತಿದೆ ಎಂದಾದಾಗ ತೀರ್ಪು ಕೊಡಬೇಕಾದ್ದು ಆಕಾಶವೇ.

ಎರಡು ಗಡಿಯಾರ, 86 ಗೆಲಾಕ್ಸಿ

20 ಕೋಟಿ ವರ್ಷ ಕಾದು ಒಂದೇ ಗೆಲಾಕ್ಸಿ ಹಿಗ್ಗುವುದನ್ನು ನೋಡುವುದು ಸಾಧ್ಯವಿಲ್ಲ. ಬೇರೆ ದಾರಿ ಹುಡುಕಬೇಕು. 2021ರಲ್ಲಿ ನಜ್ಮೆ ಎಮಾಮಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಹಿಡಿದ ದಾರಿ ಚೊಕ್ಕವಾಗಿದೆ. ಒಂದು ಗೆಲಾಕ್ಸಿಯನ್ನು ಬಹುಕಾಲ ನೋಡುವ ಬದಲು ನಮ್ಮ ಸುತ್ತಮುತ್ತಲಿನ 86 ಕುಬ್ಜಗಳನ್ನು ಅವರು ನೋಡಿದರು. ಪ್ರತಿಯೊಂದಕ್ಕೂ ಕೆಂಪು ಬಣ್ಣದಲ್ಲಿ ಗಾತ್ರ ಅಳೆದು, ನಕ್ಷತ್ರಗಳ ಹುಟ್ಟನ್ನು ಎರಡು ಗಡಿಯಾರಗಳಿಂದ ಓದಿದರು.

ಆ ಗಡಿಯಾರಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲನೆಯದು ಹೈಡ್ರೊಜನ್-ಆಲ್ಫಾ ಎಂಬ ಕೆಂಪು ರೇಖೆ. ಅದನ್ನು ಹೊತ್ತಿಸಲು ತೀರಾ ಭಾರವಾದ, ತೀರಾ ಬಿಸಿಯಾದ ನಕ್ಷತ್ರವೇ ಬೇಕು. ಅಂಥವು ಒಂದು ಕೋಟಿ ವರ್ಷವನ್ನೂ ಪೂರ್ತಿ ಬದುಕುವುದಿಲ್ಲ. ಹಾಗಾಗಿ ಈ ರೇಖೆ ಕಂಡರೆ ನಕ್ಷತ್ರಗಳ ಹುಟ್ಟು ಈಗಷ್ಟೇ, ಕಳೆದ ಕೆಲವು ದಶಲಕ್ಷ ವರ್ಷಗಳಲ್ಲಿ ನಡೆದಿದೆ ಎಂದರ್ಥ. ಎರಡನೆಯದು ದೂರ-ಅತಿನೇರಳೆ ಬೆಳಕು. ಅದನ್ನು ಮಧ್ಯಮ ತೂಕದ ನಕ್ಷತ್ರಗಳೂ ಕೊಡುತ್ತವೆ, ಹಾಗಾಗಿ ಅದು ಸುಮಾರು 10 ಕೋಟಿ ವರ್ಷಗಳವರೆಗಿನ ಸರಾಸರಿಯನ್ನು ಹೇಳುತ್ತದೆ. ಎರಡೂ ಒಂದೇ ಉತ್ತರ ಕೊಟ್ಟರೆ ನಕ್ಷತ್ರಗಳ ಹುಟ್ಟು ಸಮನಾಗಿ ಸಾಗಿದೆ. ಅತಿನೇರಳೆ ಹೆಚ್ಚಿದ್ದು ಕೆಂಪು ರೇಖೆ ಕಡಿಮೆಯಿದ್ದರೆ ಒಂದು ಅಬ್ಬರ ಆಗಲೇ ಮುಗಿದುಹೋಗಿದೆ.

ಎಮಾಮಿ ತಂಡ ಕಂಡದ್ದೇನು? ಹತ್ತು ಕೋಟಿ ಸೂರ್ಯರಿಗಿಂತ ಹಗುರವಾದ ಕುಬ್ಜಗಳಲ್ಲಿ ಅತಿನೇರಳೆ ಬೆಳಕು ಹೆಚ್ಚಿದ್ದಷ್ಟೂ ಗಾತ್ರ ಹೆಚ್ಚು. ಕೆಂಪು ರೇಖೆಯ ಜೊತೆಗಿನ ನಂಟು ಮಾತ್ರ ದುರ್ಬಲ. ಇದನ್ನೇ ಫೈರ್‌ನ ಎಂಟು ಕೃತಕ ಗೆಲಾಕ್ಸಿಗಳಲ್ಲಿ ಪರೀಕ್ಷಿಸಿದಾಗ ನಕ್ಷತ್ರಗಳ ಹುಟ್ಟಿನ ದೊಡ್ಡ ಅಬ್ಬರಗಳಿಗೂ ಗಾತ್ರ ಹಿಗ್ಗಿದ ಗಳಿಗೆಗಳಿಗೂ ಹೊಂದಿಕೆ ಕಂಡಿತು, ಆದರೆ ಸುಮಾರು 5 ಕೋಟಿ ವರ್ಷ ತಡವಾಗಿ. ಮೊದಲು ನಕ್ಷತ್ರಗಳು ಹುಟ್ಟಬೇಕು, ಆಮೇಲೆ ಸಿಡಿಯಬೇಕು, ಅನಿಲ ಹೊರಡಬೇಕು, ಕೊನೆಗೆ ಕಕ್ಷೆಗಳು ಹಿಗ್ಗಬೇಕು. ಅಷ್ಟು ಹೊತ್ತಿಗೆ ಕೆಂಪು ರೇಖೆ ಹೊತ್ತಿಸುವ ನಕ್ಷತ್ರಗಳು ಸತ್ತಿರುತ್ತವೆ, ಅತಿನೇರಳೆ ಕೊಡುವವು ಇನ್ನೂ ಉರಿಯುತ್ತಿರುತ್ತವೆ. ಚಿಕ್ಕ ಗಡಿಯಾರ ಗಾತ್ರದ ಜೊತೆ ಹೊಂದದಿರುವುದಕ್ಕೂ ದೊಡ್ಡ ಗಡಿಯಾರ ಹೊಂದುವುದಕ್ಕೂ ಇದರಿಂದ ಸಹಜವಾದ ಕಾರಣ ಸಿಗುತ್ತದೆ.

ಈ ಫಲಿತಾಂಶ ನನಗೆ ಬಹಳ ಹಿಡಿಸಿದೆ. ಆದರೂ ಇದನ್ನು ರುಜುವಾತು ಎಂದು ಒಪ್ಪಿಕೊಳ್ಳುವ ಮುನ್ನ ಒಂದು ಅಡ್ಡಿಯನ್ನು ದಾಟಬೇಕು. ಗಾತ್ರ ಎಂದರೆ ಅರ್ಧಬೆಳಕಿನ ತ್ರಿಜ್ಯ. ಗೆಲಾಕ್ಸಿಯ ಹೊರಭಾಗದಲ್ಲಿ ಹೊಸ ನಕ್ಷತ್ರಗಳು ಹುಟ್ಟಿದರೆ, ಹಳೆಯ ಒಂದೇ ಒಂದು ನಕ್ಷತ್ರವೂ ಜಾಗ ಬಿಟ್ಟು ಕದಲದಿದ್ದರೂ ಬೆಳಕು ಹೊರಕ್ಕೆ ಹರಡಿ ಗಾತ್ರ ದೊಡ್ಡದಾಗಿ ಕಾಣುತ್ತದೆ. ಎಳೆಯ ನಕ್ಷತ್ರಗಳ ಪ್ರಕಾಶ ಎಷ್ಟು ಹೆಚ್ಚೆಂದರೆ ಕೆಂಪು ಬಣ್ಣದ ಚಿತ್ರದಿಂದಲೂ ಅವನ್ನು ಪೂರ್ತಿ ಹೊರಗಿಡಲಾಗುವುದಿಲ್ಲ. ಹಾಗಾದರೆ ಕಕ್ಷೆಗಳು ನಿಜವಾಗಿ ಹಿಗ್ಗಿದವೋ, ದೀಪಗಳು ಹೊರಗೆ ಹೊತ್ತಿಕೊಂಡವೋ? ಒಟ್ಟು ಬೆಳಕು ಅಳೆಯುವ ಕ್ರಮದಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಹೊಸಕೋಟೆಯಲ್ಲಿ ಜೋಡಿಸಿದ ಕಣ್ಣು

ದೀಪಗಳು ಹೊರಗೆ ಹೊತ್ತಿಕೊಳ್ಳುವುದು ಬರೀ ಕಲ್ಪನೆಯಲ್ಲ. ಅದಕ್ಕೆ ಬಲವಾದ ಸಾಕ್ಷ್ಯ ಒದಗಿಸಿದ್ದು ನಮ್ಮ ಆಸ್ಟ್ರೋಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಈ ಉಪಗ್ರಹದಲ್ಲಿರುವ ಯುವಿಐಟಿ ಎಂಬ ಅತಿನೇರಳೆ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿರುವ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ ಜೋಡಿಸಿ ಪರೀಕ್ಷಿಸಿತ್ತು. ಅದರ ಕನ್ನಡಿಗಳ ವ್ಯಾಸ ಬರೀ 38 ಸೆಂಟಿಮೀಟರ್. ಆದರೆ ಅದರ ಚಿತ್ರಗಳು ಅಮೆರಿಕದ ಗೇಲೆಕ್ಸ್ ದೂರದರ್ಶಕದ ಚಿತ್ರಗಳಿಗಿಂತ ಮೂರ್ನಾಲ್ಕು ಪಟ್ಟು ಚುರುಕು. ಅಲ್ಲಿ ಮಸುಕು ಮಚ್ಚೆಯಾಗಿ ಕಂಡದ್ದು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ಅಂಶುಮಾನ್ ಬೋರ್ಗೊಹಾಯ್ನ್, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಾಹಾ ಮತ್ತು ಸಂಗಡಿಗರು 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ 11 ನೀಲಿ ಕುಬ್ಜಗಳದ್ದು. ನಾವು ನೋಡುತ್ತಿರುವುದು 130ರಿಂದ 280 ಕೋಟಿ ವರ್ಷಗಳ ಹಿಂದಿನ ಅವುಗಳ ಸ್ಥಿತಿಯನ್ನು. ಹಬಲ್ ಚಿತ್ರಗಳಲ್ಲಿ ಅವು ಪುಟ್ಟದಾಗಿ, ಬಿಗಿಯಾಗಿ ಕಾಣುತ್ತವೆ. ಯುವಿಐಟಿಯ ಅತಿನೇರಳೆಯಲ್ಲಿ ನೋಡಿದಾಗ ಬೆಳಕು ಅದಕ್ಕಿಂತ ದೂರಕ್ಕೆ ಚಾಚಿತ್ತು. ಅಂದರೆ ಅಂಚಿನಾಚೆ ಹೊಸ ನಕ್ಷತ್ರಗಳು ಹುಟ್ಟುತ್ತಿದ್ದವು. ಹೊರಗಿನಿಂದ ತಾಜಾ ಅನಿಲ ಬಂದು ಸೇರಿ ತಟ್ಟೆ ಕಟ್ಟುತ್ತಿದೆ, ಅದರಲ್ಲಿ ನಕ್ಷತ್ರಗಳ ಗುಂಪುಗಳು ಹುಟ್ಟಿ ನಿಧಾನವಾಗಿ ಒಳಕ್ಕೆ ಸರಿಯುತ್ತಿವೆ ಎಂಬುದು ಅವರ ವಿವರಣೆ. ಹೀಗೆ ಒಳಬರುವ ದ್ರವ್ಯ 100 ಕೋಟಿ ವರ್ಷಕ್ಕೆ ಸರಾಸರಿ ಹತ್ತು ಲಕ್ಷ ಸೂರ್ಯರಿಗೂ ಹೆಚ್ಚು.

ಎಲ್-ಬದ್ರಿಯವರ ಚಿತ್ರದಲ್ಲಿ ನಕ್ಷತ್ರಗಳು ನಡುವೆ ಹುಟ್ಟಿ ಹೊರಕ್ಕೆ ಹೋಗುತ್ತವೆ. ಇಲ್ಲಿ ಹೊರಗೆ ಹುಟ್ಟಿ ಒಳಕ್ಕೆ ಬರುತ್ತವೆ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಅನಿಲ ಸೇರುತ್ತಿರುವಾಗ ಒಂದು, ಅನಿಲ ಸಿಡಿದು ಹೋಗುವಾಗ ಇನ್ನೊಂದು. ಆದರೆ ಗಾತ್ರದ ಒಂದೇ ಸಂಖ್ಯೆಯನ್ನು ಹಿಡಿದುಕೊಂಡು ಯಾವುದು ಎಷ್ಟು ನಡೆದಿದೆ ಎಂದು ಹೇಳಹೊರಟರೆ ಎಡವುತ್ತೇವೆ. ಹಳೆಯ ಗೊಂದಲವೊಂದು ಇದಕ್ಕೆ ತಕ್ಕ ಉದಾಹರಣೆ. ಅನೇಕ ಕುಬ್ಜಗಳಲ್ಲಿ ಎಳೆಯ ನಕ್ಷತ್ರಗಳು ನಡುವೆ, ಹಳೆಯವು ಅಂಚಿನಲ್ಲಿ ಇವೆ. ಕ್ಷೀರಪಥದಂಥ ಸುರುಳಿಗಳಲ್ಲಿ ಕಾಣುವುದರ ತದ್ವಿರುದ್ಧ. 2012ರಲ್ಲಿ 34 ಕುಬ್ಜಗಳ ಅಧ್ಯಯನವೊಂದು ನಕ್ಷತ್ರ ಹುಟ್ಟುವ ತಟ್ಟೆಯೇ ಕಾಲಕ್ರಮೇಣ ಒಳಕ್ಕೆ ಕುಗ್ಗುತ್ತ ಬಂದಿದೆ ಎಂದು ಇದನ್ನು ಓದಿತು. ಹಳೆಯ ನಕ್ಷತ್ರಗಳು ನಡುವೆಯೇ ಹುಟ್ಟಿ ಆಮೇಲೆ ಹೊರಕ್ಕೆ ಸರಿದಿದ್ದರೂ ಇದೇ ಚಿತ್ರ ಕಾಣುತ್ತದೆ. ನಕ್ಷತ್ರ ಇಂದು ಇರುವ ಜಾಗವೇ ಅದು ಹುಟ್ಟಿದ ಜಾಗ ಎಂದು ನಂಬಿ ಬರೆದ ಚರಿತ್ರೆ ದಾರಿ ತಪ್ಪಬಹುದು ಎಂದು ಎಲ್-ಬದ್ರಿ ತಂಡ ಎಚ್ಚರಿಸಿದ್ದು ಇದಕ್ಕೇ.

ದೀಪ ಆರಿದ ಒಂಟಿಗಳು

ಇನ್ನು ಆ ಅಪವಾದಗಳ ಮಾತು. ಗೆಹಾ ಅವರ ಲೆಕ್ಕ ಬಂದಾಗಿನಿಂದ ದೊಡ್ಡವರ ಸಹವಾಸವಿಲ್ಲದೆಯೂ ಆರಿಹೋದ ಕುಬ್ಜಗಳು ಒಂದೊಂದಾಗಿ ಸಿಗುತ್ತಿವೆ. 2024ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ, ಬೇರೆಯದನ್ನೇ ನೋಡುತ್ತಿದ್ದಾಗ, ಪರ್ಲ್ಸ್‌ಡಿಜಿ ಎಂಬ ಕುಬ್ಜ ಸಿಕ್ಕಿತು. ಸುಮಾರು ಹತ್ತು ಕೋಟಿ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಅದರ ಬಿಡಿ ನಕ್ಷತ್ರಗಳನ್ನು ವೆಬ್ ಗುರುತಿಸಿತು. ಒಂಟಿಯಾಗಿದ್ದರೂ ಅಲ್ಲಿ ಹೊಸ ನಕ್ಷತ್ರಗಳ ಸುಳಿವಿಲ್ಲ. ಅದೇ ವರ್ಷ ಹೆಜ್‌ಹಾಗ್ ಎಂಬ ಇನ್ನೊಂದು ವರದಿಯಾಯಿತು, ಇದು ನಮ್ಮಿಂದ 80 ಲಕ್ಷ ಜ್ಯೋತಿರ್ವರ್ಷದ ಆಸುಪಾಸಿನಲ್ಲಿದೆ. ಅದಕ್ಕೂ ಮೊದಲೇ ಟುಕಾನಾ-ಬಿ ಎಂಬ ಅತಿ ಮಂಕಾದ ಒಂಟಿ ಕುಬ್ಜ ಸಿಕ್ಕಿತ್ತು.

ಇವನ್ನು ಆರಿಸಿದ್ದು ಯಾರು? ಹಿಂದೊಮ್ಮೆ ದೊಡ್ಡ ಗೆಲಾಕ್ಸಿಯ ಬಳಿ ಹಾದು ಅನಿಲ ಕಳೆದುಕೊಂಡು ಈಗ ದೂರ ಬಂದಿರಬಹುದು. ಗೆಲಾಕ್ಸಿಗಳ ನಡುವಿನ ತೆಳು ಅನಿಲದ ಎಳೆಗಳನ್ನು ಹಾದುಹೋಗುವಾಗಲೂ ಕುಬ್ಜದ ಅನಿಲ ಉದುರಬಲ್ಲದು. ತೀರಾ ಸಣ್ಣವನ್ನು ವಿಶ್ವದ ಬಾಲ್ಯದಲ್ಲೇ, ಮೊದಲ ಗೆಲಾಕ್ಸಿಗಳ ಅತಿನೇರಳೆ ಬೆಳಕು ಎಲ್ಲೆಡೆಯ ಜಲಜನಕವನ್ನು ಕಾಯಿಸಿದಾಗ, ಆ ಶಾಖವೇ ಆರಿಸಿರಬಹುದು. ಈ ಕೊನೆಯ ಸಾಧ್ಯತೆಗೆ ಲಿಯೋ-ಪಿ ಒಂದು ತಿರುವು ಕೊಟ್ಟಿದೆ. ಮೆಕ್ವಿನ್ ತಂಡ ವೆಬ್‌ನಿಂದ ಅದರ ಹಳೆಯ ನಕ್ಷತ್ರಗಳನ್ನು ಓದಿ 2024ರಲ್ಲಿ ಹೇಳಿದ್ದು ಇದು: ಆರಂಭದಲ್ಲಿ ಒಂದಿಷ್ಟು ನಕ್ಷತ್ರಗಳು ಹುಟ್ಟಿದವು, ಆ ಶಾಖದ ಯುಗದ ನಂತರ ಹುಟ್ಟು ನೂರಾರು ಕೋಟಿ ವರ್ಷ ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಲಿಯೋ-ಎ ಎಂಬ ಇನ್ನೊಂದು ಒಂಟಿ ಕುಬ್ಜದಲ್ಲೂ ಶೇ 90ಕ್ಕೂ ಹೆಚ್ಚು ನಕ್ಷತ್ರಗಳು ಹುಟ್ಟಿದ್ದು ಕಳೆದ 800 ಕೋಟಿ ವರ್ಷಗಳಲ್ಲಿ. ಆದ್ದರಿಂದ ಇಂದು ಆರಿದಂತೆ ಕಾಣುವ ಒಂಟಿ ಕುಬ್ಜ ಸತ್ತಿದೆಯೋ, ಎರಡು ಅಬ್ಬರಗಳ ನಡುವೆ ವಿರಾಮದಲ್ಲಿದೆಯೋ ಎಂದು ಕೇಳಲೇಬೇಕಾಗುತ್ತದೆ.

ಸಮೀಕ್ಷೆಗಳ ಪಕ್ಷಪಾತವನ್ನೂ ಇಲ್ಲಿ ಹೇಳಬೇಕು. ಹೊಸ ನಕ್ಷತ್ರಗಳಿರುವ ಕುಬ್ಜದ ವರ್ಣಪಟಲದಲ್ಲಿ ಪ್ರಖರ ರೇಖೆಗಳಿರುತ್ತವೆ, ದೂರ ಅಳೆಯುವುದು ಸುಲಭ. ಅನಿಲವಿದ್ದರೆ ರೇಡಿಯೊ ಸಮೀಕ್ಷೆಗೂ ಸಿಗುತ್ತದೆ. ಆರಿದ ಕುಬ್ಜ ಮಂಕು, ರೇಖೆಯಿಲ್ಲ, ಅನಿಲವಿಲ್ಲ. ಅಗಲವಾಗಿ ಹರಡಿಕೊಂಡಿದ್ದರಂತೂ ಆಕಾಶದ ಹಿನ್ನೆಲೆಯಲ್ಲೇ ಮುಳುಗಿಹೋಗುತ್ತದೆ. ಅಬ್ಬರದ ನಂತರ ಹಿಗ್ಗಿ, ಅನಿಲ ಕಳೆದುಕೊಂಡು, ಮತ್ತೊಂದು ಸುತ್ತಿಗೆ ಕಾಯುತ್ತಿರುವ ಕುಬ್ಜಗಳಿದ್ದರೆ ಅವೇ ನಮ್ಮ ಪಟ್ಟಿಗಳಿಂದ ಹೆಚ್ಚಾಗಿ ತಪ್ಪಿಸಿಕೊಂಡಿರುತ್ತವೆ. ಗಾತ್ರ ಮತ್ತು ನಕ್ಷತ್ರಗಳ ಹುಟ್ಟಿನ ನಂಟನ್ನು ಅಳೆಯಹೊರಟವರಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇರಿಲ್ಲ.

ಈ ಕೊರತೆ ತುಂಬುವ ಕಾಲ ಹತ್ತಿರದಲ್ಲಿದೆ. ಚಿಲಿಯ ಸೆರೊ ಪಚೋನ್ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರತಂದಿತು. ಅದರ 8.4 ಮೀಟರ್ ಕನ್ನಡಿ ಮತ್ತು 3200 ಮೆಗಾಪಿಕ್ಸೆಲ್ ಕ್ಯಾಮೆರಾ ಹತ್ತು ವರ್ಷ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಲಿವೆ. ಮಂಕಾದ, ಹರಡಿಕೊಂಡ, ಆರಿದ ಕುಬ್ಜಗಳು ಸಿಗಬೇಕಾದ್ದು ಇಂಥ ಆಳವಾದ ಚಿತ್ರಗಳಲ್ಲೇ. ಭಾರತವೂ ಪಾಲುದಾರನಾಗಿರುವ ಎಸ್‌ಕೆಎ ರೇಡಿಯೊ ಜಾಲ ಸಿದ್ಧವಾದ ಮೇಲೆ ಜಲಜನಕದ ಲೆಕ್ಕ ಇನ್ನಷ್ಟು ಸಣ್ಣ ಗೆಲಾಕ್ಸಿಗಳವರೆಗೆ ಹೋಗುತ್ತದೆ.

ಆದರೆ ಹಿಗ್ಗುಕುಗ್ಗಿನ ವಾದ ತೀರ್ಮಾನವಾಗಬೇಕಾದರೆ ಹೆಚ್ಚು ಗೆಲಾಕ್ಸಿಗಳು ಸಿಕ್ಕರಷ್ಟೇ ಸಾಲದು, ಅಳತೆಯ ಕ್ರಮವೂ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಬೆಳಕಿನ ಅರ್ಧ ಎಲ್ಲಿ ಎಂದು ಕೇಳುವುದನ್ನು ಬಿಟ್ಟು ಹಳೆಯ ನಕ್ಷತ್ರಗಳ ಅರ್ಧ ಎಲ್ಲಿ ಎಂದು ಕೇಳಬೇಕು. ಒಂದೆರಡು ಕೋಟಿ ಜ್ಯೋತಿರ್ವರ್ಷದೊಳಗಿನ ಕುಬ್ಜಗಳಲ್ಲಿ ಹಬಲ್ ಮತ್ತು ವೆಬ್ ಕೆಂಪು ದೈತ್ಯ ನಕ್ಷತ್ರಗಳನ್ನು ಒಂದೊಂದಾಗಿ ಎಣಿಸಬಲ್ಲವು. ಅವುಗಳ ವಯಸ್ಸು ಬಹುತೇಕ 100 ಕೋಟಿ ವರ್ಷಕ್ಕಿಂತ ಹೆಚ್ಚು. ನಿನ್ನೆಮೊನ್ನೆ ಅಂಚಿನಲ್ಲಿ ಹೊತ್ತಿಕೊಂಡ ದೀಪಗಳು ಆ ಎಣಿಕೆಯಲ್ಲಿ ಸೇರುವುದೇ ಇಲ್ಲ. ಒಂದೇ ದ್ರವ್ಯರಾಶಿಯ ಹಲವು ಹತ್ತು ಒಂಟಿ ಕುಬ್ಜಗಳಲ್ಲಿ ಈ ಹಳೆಯ ನಕ್ಷತ್ರಗಳ ಹರವು ಕಳೆದ 10 ಕೋಟಿ ವರ್ಷಗಳ ಅತಿನೇರಳೆ ಲೆಕ್ಕದ ಜೊತೆ ಏರಿಳಿದರೆ ಕಕ್ಷೆಗಳು ನಿಜವಾಗಿ ಹಿಗ್ಗುತ್ತಿವೆ. ಏರಿಳಿಯದಿದ್ದರೆ ನಾವು ಇಷ್ಟು ದಿನ ಗಾತ್ರವೆಂದು ಅಳೆದದ್ದರಲ್ಲಿ ಒಂದು ದೊಡ್ಡ ಪಾಲು ಹೊಸ ನಕ್ಷತ್ರಗಳ ವಿಳಾಸ ಮಾತ್ರ, ಮತ್ತು ಕುಬ್ಜಗಳ ನಡುಭಾಗದ ಕಪ್ಪು ದ್ರವ್ಯ ಚಪ್ಪಟೆಯಾದದ್ದು ಹೇಗೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.